ಸುತ್ತಿಗೆ ಹಿಡಿದು ಜಿಪ್ಸಿ ಕೊಂಡದ್ದು

ಮಾರುತಿಯವರು ಜಿಪ್ಸಿ ನಿಲ್ಲಿಸುತ್ತಾರಂತೆ ಎನ್ನುವ ಸುದ್ದಿ ಮೂಡಿಗೆರೆ ಕಡೆಗೆ ಬಂದದ್ದು 2018ರ ಕೊನೆಗೆ, ನಾವೆಲ್ಲ ಅರೇಬಿಕಾ ಕೊಯ್ಲಿನ ಗಡಿಬಿಡಿಯಲ್ಲಿದ್ದಾಗ. ಮುಂದಿನ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕ್ ಕಡ್ಡಾಯ, ಜುಲೈಯಿಂದ ಏರ್‌ಬ್ಯಾಗ್, ಅದರ ಬೆನ್ನಿಗೇ ಬಿಎಸ್-6. 1985ರಲ್ಲಿ ರಸ್ತೆಗಿಳಿದು, ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಮೂವತ್ತು ವರ್ಷ ದಾಟಿದ್ದ ಗಾಡಿಗೆ ಇದನ್ನೆಲ್ಲ ಕೂರಿಸುವುದು ಯಾವ ಕಂಪನಿಗೂ ಗಿಟ್ಟುವ ವ್ಯವಹಾರವಲ್ಲ. ಹೊಸದು ಇನ್ನು ಸಿಗುವುದಿಲ್ಲ ಎಂದದ್ದೇ ತಡ, ಹಳೆಯದು ಇಟ್ಟುಕೊಂಡವರ ಮಾತಿನ ಧಾಟಿ ಬದಲಾಯಿತು. ನಿನ್ನೆವರೆಗೆ "ಯಾರಾದ್ರೂ ಗಿರಾಕಿ ಇದ್ರೆ ಹೇಳಿ" ಎನ್ನುತ್ತಿದ್ದವರು "ಕೊಡೋ ಯೋಚನೆ ಇಲ್ಲ, ಒಳ್ಳೆ ರೇಟು ಬಂದ್ರೆ ನೋಡಣ" ಎನ್ನತೊಡಗಿದರು.

ಸರಿಯಾಗಿ ಆ ಹೊತ್ತಿಗೇ ನನಗೆ ಗಾಡಿ ಬೇಕಾಗಿತ್ತು. ಶೋಕಿಗಲ್ಲ. ನಮ್ಮ ಕೆಳಗಿನ ತೋಟ ಹಳ್ಳದಾಚೆಗಿದೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ದಾರಿಯೆಂದರೆ ಜೇಡಿಮಣ್ಣಿನ ಒಂದು ಇಳಿಜಾರು, ಮೊಣಕಾಲುದ್ದ ನೀರು, ಆಮೇಲೆ ಅಷ್ಟೇ ಕಡಿದಾದ ಏರು. ಗೊಬ್ಬರದ ಚೀಲ, ಬೋರ್ಡೋ ದ್ರಾವಣದ ಡ್ರಮ್ಮು, ಕೆಲಸದವರ ಬುತ್ತಿ ಎಲ್ಲವೂ ಅದೇ ದಾರಿಯಲ್ಲಿ ಹೋಗಬೇಕು. ಅದುವರೆಗೆ ಚಿಕ್ಕಪ್ಪನ ಹಳೇ ಮಹೀಂದ್ರ ಎಂಎಂ 540 ಜೀಪನ್ನು ಕೇಳಿ ತರುತ್ತಿದ್ದೆವು. ಪ್ಯೂಜೋ ಡೀಸೆಲ್ ಇಂಜಿನ್ನಿನ ಗಾಡಿ. ಹಿಂದಿನ ಚಕ್ರಕ್ಕೆ ಸರಪಳಿ ಕಟ್ಟಿಬಿಟ್ಟರೆ ಹೋಗದ ಜಾಗವಿರಲಿಲ್ಲ. ಆದರೆ ಅವರಿಗೂ ತೋಟವಿದೆ, ಅವರಿಗೂ ಮಳೆಗಾಲವಿದೆ.

ಜಿಪ್ಸಿ ಎಂದ ಕೂಡಲೇ ಚಿಕ್ಕಪ್ಪ ಮುಖ ಸಿಂಡರಿಸಿದರು. "ಪೆಟ್ರೋಲ್ ಗಾಡಿ ತಗಳ್ಳದೂ ಒಂದೇ, ಆನೆ ಸಾಕದೂ ಒಂದೇ ಕಣೋ. ಲೀಟರಿಗೆ ಹತ್ತು ಕೊಟ್ರೆ ಹೆಚ್ಚು."

ಅದು ಸುಳ್ಳಲ್ಲ. ಆದರೆ ನನ್ನ ಲೆಕ್ಕ ಬೇರೆ ಇತ್ತು. ಜಿಪ್ಸಿಯ ತೂಕ ಒಂದು ಟನ್ನಿನ ಆಸುಪಾಸು. ಕೆಸರಿನಲ್ಲಿ ಭಾರದ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಹಗುರದ್ದು ಮೇಲೆ ಮೇಲೆ ತೇಲಿಕೊಂಡು ಹೋಗುತ್ತದೆ, ಹೂತರೂ ನಾಲ್ಕು ಜನ ಸೇರಿ ಎತ್ತಬಹುದು. ತೋಟದೊಳಗೆ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡೀತು? ಮೈಲೇಜಿನ ಮಾತು ದಿನಾ ಚಿಕ್ಕಮಗಳೂರಿಗೆ ಓಡಾಡುವವರಿಗೆ ಇರಲಿ ಎಂದುಕೊಂಡೆ.

ಯಾವ ಜಿಪ್ಸಿ ಎನ್ನುವುದನ್ನು ತೀರ್ಮಾನಿಸಿದ್ದು ಮೇಸ್ತ್ರಿ. ಮೂಡಿಗೆರೆಯಲ್ಲಿ ತಗಡಿನ ಶೀಟಿನ ಕೆಳಗೆ ಗ್ಯಾರೇಜಿಟ್ಟುಕೊಂಡು ಎರಡು ತಲೆಮಾರಿನ ಜೀಪುಗಳನ್ನು ಬಿಚ್ಚಿ ಕಟ್ಟಿದ ಮನುಷ್ಯ. ಮೊದಲು ಬಂದ 970 ಸಿಸಿಯದು ಬೇಡ, ಏರಿಗೆ ದಮ್ಮು ಸಾಲದು. 1996ರಲ್ಲಿ ಬಂದ 1298 ಸಿಸಿಯ ಕಿಂಗ್ ಆಗಬಹುದು, ಆದರೆ ಕಾರ್ಬ್ಯುರೇಟರ್ ಜೊತೆ ಗುದ್ದಾಡಬೇಕು. 2000ದ ಮೇಲಿನ ಎಂಪಿಎಫ್‌ಐ ನೋಡಿ, 16 ವಾಲ್ವಿನದು, 80 ಎಚ್‌ಪಿ. ಎಸ್ಟೀಮ್ ಕಾರಿನ ಇಂಜಿನ್ನಿನ ಕುಲವೇ ಆದ್ದರಿಂದ ಸಾಮಾನು ಸಿಗುವುದು ಕಷ್ಟವಲ್ಲ ಎಂದರು. ಆಮೇಲೆ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು.

"ಗೌಡ್ರೆ, ಕಿವಿಯಲ್ಲಿ ಗಾಡಿ ಕೊಳ್ಬೇಡಿ. ಇಂಜಿನ್ ಹೋದ್ರೆ ನಾನು ಕಟ್ಟಿಕೊಡ್ತೇನೆ. ಚಾಸಿಸ್ ಹೋದ್ರೆ ಯಾರೂ ಕಟ್ಟಿಕೊಡೋರಿಲ್ಲ."

ಮೊದಲು ನೋಡಿದ್ದು ಘಟ್ಟದ ಕೆಳಗೆ, ಸಮುದ್ರಕ್ಕೆ ಹತ್ತಿರದ ಒಂದು ಊರಿನಲ್ಲಿ. ಗಾಡಿ ನಿಂತ ಗತ್ತು ನೋಡಿ ನನ್ನ ಜೊತೆ ಬಂದಿದ್ದ ಅಕ್ಕನ ಮಗನ ಬಾಯಿ ಮುಚ್ಚಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ರಜೆಗೆ ಬಂದಿದ್ದ. ಮಿಲಿಟರಿ ಹಸಿರು ಬಣ್ಣ, ನೆಲದಿಂದ ಎತ್ತರಿಸಿದ ಬಾಡಿ, ಟ್ರಾಕ್ಟರಿಗೆ ಹಾಕುವಂಥ ಟಯರು, ಮುಂದೆ ಕಬ್ಬಿಣದ ದಪ್ಪ ಗಾರ್ಡು, ಅದರ ಮೇಲೆ ಉದ್ದಕ್ಕೆ ಎಲ್‌ಇಡಿ ದೀಪದ ಪಟ್ಟಿ. "ಮಾವ, ಮಾಡ್ಸೋದು ಏನೂ ಉಳಿದಿಲ್ಲ, ಎಲ್ಲಾ ಅವರೇ ಮಾಡ್ಸಿದಾರೆ" ಎಂದ. ಹೇಳಿದ ಬೆಲೆ ಮೂರು ಲಕ್ಷದ ನಲವತ್ತು ಸಾವಿರ. ಸೆಲ್ಫ್ ಹೊಡೆದರೆ ಇಂಜಿನ್ ಒಂದೇ ಏಟಿಗೆ ಎದ್ದಿತು. ಆಯಿಲ್ ಮುಚ್ಚಳ ತೆಗೆದು ನೋಡಿದರೆ ಹೊಗೆ ಇಲ್ಲ, ಸೈಲೆನ್ಸರಿನಲ್ಲಿ ನೀಲಿ ಇಲ್ಲ. ನಾನು ಮನಸ್ಸಿನಲ್ಲೇ ಮೂರಕ್ಕೆ ಇಳಿಸಿ ವ್ಯಾಪಾರ ಮುಗಿಸಿದ್ದೆ.

ಮೇಸ್ತ್ರಿ ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಮಲಗಿದರು. ಕೈಯಲ್ಲಿ ಒಂದು ಚಿಕ್ಕ ಸುತ್ತಿಗೆ, ಜೇಬಿನಲ್ಲಿ ಮೂತಿ ಸವೆದ ಸ್ಕ್ರೂಡ್ರೈವರ್. ಮುಂದಿನಿಂದ ಬಡಿಯುತ್ತಾ ಬಂದರು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಠಣ್, ಠಣ್, ಠಣ್. ಹಿಂದಿನ ಪ್ಲೇಟು ಕಟ್ಟು ಚಾಸಿಸ್ಸಿಗೆ ಸೇರುವ ಶಾಕಲ್ ಹತ್ತಿರ ಬಂದಾಗ ಸದ್ದು ದಬ್ ಎಂದಿತು. ಅಲ್ಲಿ ಕಪ್ಪು ಬಣ್ಣ ಹೊಸದಾಗಿ ಬಳಿದಿತ್ತು, ಇನ್ನೂ ವಾಸನೆ ಹೋಗಿರಲಿಲ್ಲ. ಸ್ಕ್ರೂಡ್ರೈವರ್ ಒತ್ತಿದರು. ಒಳಗೆ ಹೋಯಿತು. ತಿರುಗಿಸಿದಾಗ ಕಂದು ಹಕ್ಕಳೆ ಮುಷ್ಟಿಯಷ್ಟು ಅವರ ಮುಖದ ಮೇಲೆಯೇ ಉದುರಿತು.

"ಅದು ಮೇಲ್ಮೇಲಿನ ತುಕ್ಕು ಮೇಸ್ತ್ರಿ, ಕರಾವಳಿ ಗಾಡಿಗೆ ಅಷ್ಟು ಇದ್ದೇ ಇರ್ತದೆ" ಎಂದರು ಮಾಲೀಕರು. ಮೇಸ್ತ್ರಿ ಎದ್ದು, ಮುಖ ಒರೆಸಿಕೊಂಡು, ಇಲ್ಲಿ ಚಾ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಲ್ಲಿಗೆ ಆ ವ್ಯಾಪಾರ ಮುಗಿಯಿತು.

ಚಾ ಕುಡಿಯುವಾಗ ಉಳಿದದ್ದನ್ನು ಬಿಡಿಸಿ ಹೇಳಿದರು. ಮಿಲಿಟರಿ ಹಸಿರನ್ನು ರಕ್ಷಣಾ ಇಲಾಖೆಯ ಗಾಡಿಗಳಲ್ಲದೆ ಬೇರೆ ಯಾವುದಕ್ಕೂ ಬಳಿಯುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಮುಂದಿನ ಗಾರ್ಡಿನ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಂದರೆ ಆ ಮನುಷ್ಯ ಖರ್ಚು ಮಾಡಿ ಹಾಕಿಸಿದ್ದನ್ನು ನಾವು ಮತ್ತೆ ಖರ್ಚು ಮಾಡಿ ತೆಗೆಸಬೇಕು. ಅಕ್ಕನ ಮಗ ಬೋಂಡಾ ತಿನ್ನುವುದನ್ನು ಅಷ್ಟಕ್ಕೇ ನಿಲ್ಲಿಸಿದ.

ಆಮೇಲೆ ಬ್ರೋಕರ್ ಒಬ್ಬ ಫೋನಿನಲ್ಲಿ ದೆಹಲಿ ಗಾಡಿಯ ಫೋಟೋ ಕಳಿಸಿದ. ಆಗ ಅಲ್ಲಿ ಪೆಟ್ರೋಲ್ ಗಾಡಿಗೆ 15 ವರ್ಷವಾದರೆ ಓಡಿಸುವಂತಿರಲಿಲ್ಲ, ಹಾಗಾಗಿ ಆ ವಯಸ್ಸು ಸಮೀಪಿಸಿದವು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತಿದ್ದವು. ಎನ್‌ಒಸಿ ತರಿಸಿ, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ, ನಂಬರು ಬದಲಿಸುವ ಹೊತ್ತಿಗೆ ಅಗ್ಗವೆಲ್ಲ ಏಜೆಂಟರ ಜೇಬಿಗೆ ಹೋಗಿರುತ್ತದೆ. ಸೈನ್ಯದ ಹರಾಜಿನ ಗಾಡಿಯ ಮಾತೂ ಬಂತು, ಕಾಗದಪತ್ರದ ಓಡಾಟ ನೆನೆದು ಅದನ್ನೂ ಬಿಟ್ಟೆವು.

ಸಿಕ್ಕಿದ್ದು ಸೋಮವಾರಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ. 2004ರ ಬಿಳೀ ಗಾಡಿ, ಕೆಎ-12 ನಂಬರು. ನೋಡಲಿಕ್ಕೆ ಏನೂ ಇಲ್ಲ. ಬಣ್ಣ ಮಾಸಿತ್ತು, ಹುಡ್ಡಿನ ಕ್ಯಾನ್ವಾಸು ಎರಡು ಕಡೆ ಹರಿದು ದಬ್ಬಣದಲ್ಲಿ ಹೊಲಿದಿದ್ದರು, ಹಿಂದಿನ ಸೀಟಿನಲ್ಲಿ ಕಾಫಿ ಹಣ್ಣಿನ ಕಲೆ. ಆದರೆ ಎಸ್ಟೇಟಿನ ರೈಟರ್ ಒಂದು ಉದ್ದನೆ ಪುಸ್ತಕ ತಂದಿಟ್ಟರು. ಗಾಡಿ ಬಂದ ದಿನದಿಂದ ಹಾಕಿದ ಪೆಟ್ರೋಲು, ಹೊಡೆಸಿದ ಗ್ರೀಸು, ಬದಲಿಸಿದ ಕ್ಲಚ್ ಪ್ಲೇಟು, ಬೆಲ್ಟು ಎಲ್ಲ ತಾರೀಕಿನ ಸಮೇತ, ಒಂದೇ ಕೈಬರಹದಲ್ಲಿ. ಇಂಥ ಪುಸ್ತಕ ಓದುವಾಗ ಬರೆದದ್ದಕ್ಕಿಂತ ಬರೆಯದೇ ಬಿಟ್ಟದ್ದನ್ನು ಹುಡುಕಬೇಕು. ಮೇಸ್ತ್ರಿ ಹತ್ತು ನಿಮಿಷ ಪುಟ ತಿರುವಿ, "ಇಂಜಿನ್ ಆಯಿಲ್ ಸರಿಯಾಗಿ ಹಾಕಿದ್ದಾರೆ. ಆಕ್ಸಲ್ ಹೌಸಿಂಗ್ ಆಯಿಲ್ ಎಲ್ಲೂ ಕಾಣ್ತಾ ಇಲ್ಲ" ಎಂದರು.

ಮತ್ತೆ ಗೋಣಿಚೀಲ, ಮತ್ತೆ ಸುತ್ತಿಗೆ. ಈ ಸಲ ಕೊನೆವರೆಗೂ ಠಣ್ ಎಂದಿತು.

ಮುಂದಿನ ಚಕ್ರವನ್ನು ಜಾಕಿ ಕೊಟ್ಟು ಎತ್ತಿದರು. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರೆ ಕಟಕಟ ಎಂದಿತು. ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದರು. ಬ್ರೇಕ್ ಹಿಡಿದಾಗ ಆಟ ನಿಂತರೆ ವೀಲ್ ಬೇರಿಂಗ್ ಹೋಗಿದೆ ಎಂದರ್ಥ. ಹಿಡಿದರೂ ಆಟ ಉಳಿದರೆ ಕಿಂಗ್‌ಪಿನ್ ಬೇರಿಂಗ್. ಇಲ್ಲಿ ಉಳಿಯಿತು. ಹಳೇ ಜಿಪ್ಸಿಗಳು ಒಂದು ವೇಗಕ್ಕೆ ಬಂದಾಗ ಸ್ಟೇರಿಂಗ್ ಹಿಡಿದವನ ಮೊಣಕೈವರೆಗೆ ನಡುಗಿಸುತ್ತವಲ್ಲ, ಬಹಳ ಸಲ ಅದರ ಮೂಲ ಇದೇ. ಆಮೇಲೆ ಮುಂದಿನ ಹೌಸಿಂಗಿನ ಡ್ರೈನ್ ಬೋಲ್ಟು ಸಡಿಲಿಸಿದರು. ಕಪ್ಪಗೆ, ಜಿಗುಟಾಗಿ ಬರಬೇಕಾದ ಗೇರ್ ಎಣ್ಣೆ ನೀರು ಬೆರೆತು ಬೆಳ್ಳಗೆ ನೊರೆ ನೊರೆಯಾಗಿ ಇಳಿಯಿತು.

ನಾನು ಹೌಹಾರಿದೆ. ಮೇಸ್ತ್ರಿಗೆ ಮಾತ್ರ ಖುಷಿಯಾಗಿತ್ತು. "ಇದೆಲ್ಲ ಬದಲಿಸೋ ಸಾಮಾನು ಗೌಡ್ರೆ. ವ್ಯಾಪಾರಕ್ಕೆ ಒಳ್ಳೇದಾಯ್ತು."

ಎಸ್ಟೇಟ್ ಮ್ಯಾನೇಜರ್ ಹೇಳಿದ್ದು ಎರಡು ಲಕ್ಷದ ಎಂಬತ್ತೈದು ಸಾವಿರ. ಬೆಳ್ಳಗಿನ ಎಣ್ಣೆಯನ್ನು ಹಳೇ ಡಬ್ಬದಲ್ಲಿ ಹಿಡಿದು ಅವರ ಮೇಜಿನ ಮೇಲಿಟ್ಟ ಮೇಲೆ ಎರಡೂವರೆಗೆ ಬಂದರು. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು, ಆರ್‌ಸಿ ಪಕ್ಕ ಹಿಡಿದು ಒಂದೊಂದೇ ಅಂಕಿ ಓದಿಕೊಂಡೆವು. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡದ್ದಾಯಿತು. ಇನ್ಶೂರೆನ್ಸನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು, ಇದನ್ನು ಮಾತ್ರ ಎಷ್ಟೋ ಜನ ಮರೆಯುತ್ತಾರೆ. ನಾನು ಮರುವಾರವೇ ಮಾಡಿಸಿದೆ.

ಗಾಡಿ ಮೂಡಿಗೆರೆಗೆ ಬಂದ ಮೇಲೆ ಗ್ಯಾರೇಜಿನಲ್ಲಿ ಒಂದು ಸಣ್ಣ ಯುದ್ಧವೇ ನಡೆಯಿತು. ಅಕ್ಕನ ಮಗ ಪಟ್ಟಿ ತಯಾರಿಸಿಕೊಂಡು ಬಂದಿದ್ದ: ನಾಲ್ಕಿಂಚು ಎತ್ತರಿಸುವುದು, 235/75ರ ಟಯರು, ಕರೆಂಟಿನ ವಿಂಚು, ಸ್ನಾರ್ಕೆಲ್, ದೀಪದ ಪಟ್ಟಿ. ಮೇಸ್ತ್ರಿ ಅದನ್ನು ಪೂರ್ತಿ ಓದಿ, ಎಣ್ಣೆಗೈಯಲ್ಲೇ ಮಡಿಸಿ ಅವನ ಜೇಬಿಗಿಟ್ಟರು. "ಮೊದ್ಲು ಗಾಡಿ ನಿಲ್ಲಬೇಕು. ಆಮೇಲೆ ಹೋಗ್ಬೇಕು. ಚೆಂದ ಕಾಣೋದು ಮುಂದಿನ ವರ್ಷ ನೋಡಣ."

ನಿಲ್ಲುವುದೆಂದರೆ ಬ್ರೇಕು. ಹಿಂದಿನ ಡ್ರಮ್ಮು ಬಿಚ್ಚಿದರೆ ಒಣಗಿದ ಕೆಸರು ಬೊಗಸೆಗಟ್ಟಲೆ. ಒಂದು ಕಡೆ ವೀಲ್ ಸಿಲಿಂಡರ್ ಜಿನುಗಿ ಲೈನರ್ ಎಲ್ಲ ಒದ್ದೆ. ಬ್ರೇಕ್ ಆಯಿಲ್ ಪೂರ್ತಿ ಬದಲು, ಏಕೆಂದರೆ ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಲೆನಾಡಿನಲ್ಲಂತೂ ತೇವಕ್ಕೆ ಬರವೇ ಇಲ್ಲ. ಆಮೇಲೆ ಕಿಂಗ್‌ಪಿನ್ ಬೇರಿಂಗ್, ನಕಲ್ಲಿನ ಆಯಿಲ್ ಸೀಲು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಪ್ಲೇಟು ಕಟ್ಟಿನ ಬುಷ್ಷು, ಟೈಮಿಂಗ್ ಬೆಲ್ಟು. ಬೆಲ್ಟು ಬದಲಿಸಿದ್ದು ಪುಸ್ತಕದಲ್ಲಿತ್ತು, ಆದರೂ ಹಾಕಿಸಿದೆವು. ಹಳೇ ಗಾಡಿಯ ಬೆಲ್ಟನ್ನು ಪುಸ್ತಕದ ಮೇಲೆ ನಂಬುವುದು ಬೇಡ ಎಂಬುದು ಮೇಸ್ತ್ರಿಯ ಹಟ. ಎಣ್ಣೆಯಲ್ಲೂ ಅವರದೊಂದು ಶಾಸ್ತ್ರ: ಎರಡು ಹೌಸಿಂಗಿಗೆ ಜಿಎಲ್-5, ಗೇರ್‌ಬಾಕ್ಸಿಗೆ ಜಿಎಲ್-4. ಎಲ್ಲದಕ್ಕೂ ಒಂದೇ ಡಬ್ಬ ಸುರಿದರೆ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳು ಬೇಗ ಸವೆಯುತ್ತವೆ ಎನ್ನುತ್ತಿದ್ದರು. ಇಷ್ಟಕ್ಕೆ ಕೈಬಿಟ್ಟ ದುಡ್ಡು ನಾಲ್ಕು ಹೊಸ ಟಯರಿನ ಬೆಲೆಗಿಂತ ಜಾಸ್ತಿ, ಹೊರಗಿನಿಂದ ನೋಡಿದರೆ ಗಾಡಿ ಹಾಗೇ ಇತ್ತು. ಮನೆಯವಳು ಒಂದು ಸುತ್ತು ಬಂದು, "ಏನ್ ಮಾಡ್ಸಿದ್ರಿ ಇದಕ್ಕೆ?" ಎಂದು ಕೇಳಿದಳು.

ಟಯರಿನ ವಿಷಯದಲ್ಲಿ ಅಕ್ಕನ ಮಗ ಸುಲಭಕ್ಕೆ ಸೋಲಲಿಲ್ಲ. ಮೇಸ್ತ್ರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ಜಿಪ್ಸಿಯ ಮೂಲ ಅಳತೆ 205/70 ಆರ್ 15. ನಿಲ್ಲಿಸಿದರೆ ಎತ್ತರ 668 ಮಿಲಿಮೀಟರ್. ಅವನು ಕೇಳುವ 235/75 ಹಾಕಿದರೆ 733. ಅಷ್ಟು ದೊಡ್ಡದಾದರೂ ಹೌಸಿಂಗ್ ನೆಲದಿಂದ ಮೇಲೇಳುವುದು ವ್ಯತ್ಯಾಸದ ಅರ್ಧ, ಮೂರು ಸೆಂಟಿಮೀಟರಿಗೆ ಚೂರು ಜಾಸ್ತಿ. ಅದಕ್ಕೆ ತೆರುವ ಬೆಲೆ ನೋಡಿ: ಮೀಟರು 60 ತೋರಿಸುವಾಗ ಗಾಡಿ 66ರಲ್ಲಿರುತ್ತದೆ, ಗೇರೆಲ್ಲ ಹತ್ತನೇ ಒಂದು ಭಾಗ ಉದ್ದವಾಗಿ ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ. ಉಜ್ಜದಿರಲಿ ಎಂದು ಪ್ಲೇಟು ಕಟ್ಟು ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಹೊಸ ಕ್ರಾಸು ತಿಂದುಹಾಕುತ್ತದೆ. ಒಂದನ್ನು ಬದಲಿಸಿದರೆ ಇನ್ನು ನಾಲ್ಕನ್ನು ಬದಲಿಸಬೇಕು. ಕೊನೆಗೆ ಮೂಲ ಅಳತೆಯಲ್ಲೇ ದಪ್ಪ ಗಡ್ಡೆಯ ಆಲ್ ಟೆರೇನ್ ಟಯರು ಹಾಕಿಸಿದೆವು, ಜೊತೆಗೆ ಹಿಂದಿನ ಚಕ್ರಕ್ಕೆ ಒಂದು ಜೊತೆ ಸರಪಳಿ. ಇದೆಲ್ಲ ನಡೆಯುತ್ತಿದ್ದ ಹೊತ್ತಿಗೇ, 2019ರ ಜನವರಿಯಲ್ಲಿ, ಕಂಪನಿಯ ಮೂಲ ವಿನ್ಯಾಸ ಮೀರಿ ಗಾಡಿ ಬದಲಿಸುವಂತಿಲ್ಲ ಎಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಅಕ್ಕನ ಮಗನೇ ಆ ಸುದ್ದಿಯನ್ನು ಫೋನಿನಲ್ಲಿ ತೋರಿಸಿದ್ದು. ಹುಡುಗ ಪ್ರಾಮಾಣಿಕ.

ವಿಂಚಿನ ಬದಲು ಮರ ಎಳೆಯುವ ಚೈನ್ ಬ್ಲಾಕು ಮನೆಯಲ್ಲೇ ಇತ್ತು. ಉಳಿದದ್ದು ಸ್ನಾರ್ಕೆಲ್. ಅದಕ್ಕೆ ಮೇಸ್ತ್ರಿ ಕೊಟ್ಟ ಉತ್ತರ ಕೆಲವು ನೂರು ರೂಪಾಯಿಯ ರಬ್ಬರ್ ಪೈಪು. ಅಪ್‌ಗ್ರೇಡ್ ಎಂದು ಯಾವುದನ್ನಾದರೂ ಕರೆಯುವುದಿದ್ದರೆ ನಾನು ಇದನ್ನೇ ಕರೆಯುವುದು. ಹೌಸಿಂಗಿನ ಮೇಲೆ ಉಸಿರಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ಗಾಡಿ ಓಡಿ ಹೌಸಿಂಗ್ ಬಿಸಿಯಾಗಿರುವಾಗ ತಣ್ಣನೆ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ; ಕುಗ್ಗಿದ ಜಾಗಕ್ಕೆ ಎಲ್ಲಿಂದಾದರೂ ಏನನ್ನಾದರೂ ಎಳೆದುಕೊಳ್ಳಲೇಬೇಕು. ಬ್ರೀದರ್ ನೀರಿನಡಿಗಿದ್ದರೆ, ಇಲ್ಲವೇ ಕೆಸರು ಕಟ್ಟಿದ್ದರೆ, ಅದರ ಮೂಲಕವೋ ಆಯಿಲ್ ಸೀಲಿನ ಅಂಚಿನಿಂದಲೋ ನೀರನ್ನೇ ಹೀರುತ್ತದೆ. ಸೋಮವಾರಪೇಟೆಯಲ್ಲಿ ಎಣ್ಣೆ ಬೆಳ್ಳಗಾದದ್ದು ಹೀಗೇ. ಬ್ರೀದರಿಗೆ ಪೈಪು ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿಬಿಟ್ಟರೆ ಅದು ಎಳೆದುಕೊಳ್ಳುವುದು ಗಾಳಿಯನ್ನು. ಕೆಲಸ ಅರ್ಧ ದಿನದ್ದೂ ಅಲ್ಲ.

ಆ ವರ್ಷ ಮಳೆ ತಡವಾಗಿ ಶುರುವಾಗಿ ಆಗಸ್ಟ್‌ನಲ್ಲಿ ಸೇಡು ತೀರಿಸಿಕೊಂಡಿತು. ನಮ್ಮ ತಾಲ್ಲೂಕಿನವರಾರೂ 2019ರ ಆಗಸ್ಟನ್ನು ಮರೆಯಲಾರರು. ಚಾರ್ಮಾಡಿ ಘಾಟಿ ಕುಸಿದು ದಾರಿ ಮುಚ್ಚಿತು; ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಇಳಿದು ಮನೆ, ತೋಟಗಳನ್ನು ಕೊಚ್ಚಿಕೊಂಡು ಹೋಯಿತು. ನಮ್ಮ ಕಡೆ ಅಂಥ ಅನಾಹುತ ಆಗಲಿಲ್ಲ. ಆದರೆ ಹಳ್ಳ ಏರುತ್ತಿತ್ತು, ಕೆಳಗಿನ ತೋಟದ ಲೈನ್ ಮನೆಯಲ್ಲಿ ಕೆಲಸದವರ ಎರಡು ಸಂಸಾರ ಇದ್ದವು. ಇನ್ನೂ ಏರುವ ಮೊದಲು ಅವರನ್ನು ಈಚೆಗೆ ತರಬೇಕಿತ್ತು.

ಅಕ್ಕನ ಮಗ ಆಗಲೂ ಊರಲ್ಲಿದ್ದ. ತಾನೇ ಓಡಿಸುತ್ತೇನೆಂದು ಕುಳಿತ, ಫೋರ್ ವೀಲ್ ಲಿವರ್ ಎಳೆದ, ಇಳಿಜಾರಿಗೆ ಬಿಟ್ಟ. ಗಾಡಿಯ ಮೂತಿ ಅಡ್ಡಡ್ಡ ಜಾರತೊಡಗಿತು, ಮುಂದಿನ ಚಕ್ರಕ್ಕೆ ಹಿಡಿತವೇ ಇಲ್ಲ. "ಮಾವ, ಫೋರ್ ವೀಲ್ ಹೋಗಿದೆ!" ಎಂದು ಕಿರುಚಿದ. ಏನೂ ಹೋಗಿರಲಿಲ್ಲ. ನಮ್ಮ ಜಿಪ್ಸಿಯಲ್ಲಿ ಲಿವರ್ ಎಳೆದರಷ್ಟೇ ಸಾಲದು. ಮುಂದಿನ ಎರಡೂ ಚಕ್ರದ ಹಬ್ಬಿನಲ್ಲಿರುವ ಗುಬುಟನ್ನು ಕೈಯಿಂದ ಲಾಕಿಗೆ ತಿರುಗಿಸಬೇಕು. ಆ ಮಳೆಯಲ್ಲಿ ಇಳಿದು, ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವನೇ ತಿರುಗಿಸಿದ. ಮತ್ತೆ ಹೊರಟಾಗ ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಲೋ ರೇಂಜು, ಎರಡನೇ ಗೇರು, ಕ್ಲಚ್ ಮೇಲಿನ ಕಾಲು ತೆಗೆದು ಗಾಡಿ ತಾನಾಗಿ ತೆವಳಲು ಬಿಡಬೇಕು. ಹಳ್ಳದಲ್ಲಿ ನೀರು ಹಬ್ ಮುಳುಗಿಸಿ ಮೇಲಕ್ಕಿತ್ತು. ಆಚೆ ದಡದ ಏರಿನಲ್ಲಿ ಹಿಂದಿನ ಸರಪಳಿ ಕಲ್ಲಿಗೆ ಬಡಿಯುವ ಸದ್ದು ಕೇಳಿದ ಮೇಲೆಯೇ ನನಗೆ ಉಸಿರು ಬಂದದ್ದು. ಮೊದಲು ಮಕ್ಕಳು ಹೆಂಗಸರು, ಆಮೇಲೆ ಗಂಡಸರು, ಕೋಳಿ ಪಂಜರ, ಗ್ಯಾಸ್ ಸಿಲಿಂಡರ್. ಕತ್ತಲಾಗುವುದರೊಳಗೆ ಎಲ್ಲ ಈಚೆಗೆ ಬಂದಿತ್ತು.

ಮಳೆ ಹೊಳವಾದ ಮೇಲೆ ಮೇಸ್ತ್ರಿ ಗಾಡಿ ತರಿಸಿಕೊಂಡು ಮುಂದಿನ ಹೌಸಿಂಗಿನ ಡ್ರೈನ್ ಬೋಲ್ಟು ಬಿಚ್ಚಿದರು. ಬೆರಳಲ್ಲಿ ಎಣ್ಣೆ ಹಿಡಿದು ಬೆಳಕಿಗೆ ತೋರಿಸಿದರು. ಹಾಕಿದ ಬಣ್ಣದಲ್ಲೇ ಇತ್ತು, ಬಿಳಿ ಸೋಂಕಿರಲಿಲ್ಲ. ಏನೂ ಮಾತಾಡದೆ ಬೋಲ್ಟು ಬಿಗಿದು, ಗ್ರೀಸ್ ಗನ್ ತೆಗೆದುಕೊಂಡರು.

ಆ ನವೆಂಬರಿನಲ್ಲಿ ಗಾಡಿಗೆ 15 ತುಂಬಿ ಎಫ್‌ಸಿಗೆ ಹೋಯಿತು. ಬಿಳೀ ಬಣ್ಣ, ಮೂಲ ಅಳತೆಯ ಟಯರು, ಮುಂದೆ ಗಾರ್ಡಿಲ್ಲ, ಮೇಲೆ ದೀಪದ ಪಟ್ಟಿಯಿಲ್ಲ. ಇನ್‌ಸ್ಪೆಕ್ಟರ್ ಬ್ರೇಕು, ಹಾರ್ನು, ಲೈಟು ನೋಡಿ ಚಾಸಿಸ್ ನಂಬರ್ ತಾಳೆ ಹಾಕಿ ಐದು ವರ್ಷಕ್ಕೆ ಬರೆದುಕೊಟ್ಟರು. ಆಗ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000ಕ್ಕೆ ಏರಿತು, 2024ರಲ್ಲಿ ನಾನು ಅಷ್ಟೇ ಕಟ್ಟಿದೆ. 2025ರ ಆಗಸ್ಟ್‌ನಲ್ಲಿ ಬಂದ ಅಧಿಸೂಚನೆಯ ಪ್ರಕಾರ 20 ವರ್ಷ ದಾಟಿದ ಕಾರು, ಜೀಪಿಗೆ 10,000. ಮಾರಾಟಕ್ಕೆ ಬರುವ ಕಾರ್ಬ್ಯುರೇಟರ್ ಜಿಪ್ಸಿಗಳೆಲ್ಲ ಆ ವಯಸ್ಸು ದಾಟಿಯಾಗಿದೆ, ಮೊದಮೊದಲ ಎಂಪಿಎಫ್‌ಐಗಳೂ ಅಷ್ಟೇ. ನೋಡಲು ಹೋಗುವವರು ಆರ್‌ಸಿಯಲ್ಲಿ ಮುಂದಿನ ನವೀಕರಣ ಯಾವಾಗ ಎಂದು ಮೊದಲು ಓದಿಕೊಂಡು, ಆ ಹತ್ತು ಸಾವಿರವನ್ನೂ ಹಿಡಿದೇ ಚೌಕಾಸಿ ಮಾಡಿ.